ಟ್ಯಾಪೆಟ್ ಸದ್ದು

ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ಎಂಜಿನ್ನಿನ ರೆಕ್ಕೆಗಳಿಗೆ ಬಡಿದು ಚರ್ಮ ಸುಲಿದಾಗ ಅವಳಿಗೆ ನೋವಿಗಿಂತ ಮೊದಲು ಬಂದದ್ದು ಸುಸ್ತು. ರಜೆಯ ದಿನ ಎದ್ದು ಮುಖ ತೊಳೆದವಳು ನೇರವಾಗಿ ಬಂದು ಈ ಹಳೆಯ ಮೋಟರ್‌ಸೈಕಲ್ಲಿನ ಮುಂದೆ ಮಂಡಿಯೂರಿ ಕೂತಿದ್ದಳು. ಇನ್ನೂ ಒಂದು ನಟ್ಟು ಬಿಚ್ಚಿರಲಿಲ್ಲ, ಆಗಲೇ ದಿನವಿಡೀ ದುಡಿದು ಮುಗಿಸಿದವಳ ಹಾಗೆ ಹೆಗಲು ಇಳಿದುಹೋಗಿತ್ತು. ಗೆಣ್ಣನ್ನು ಬಾಯಿಗಿಟ್ಟು ಚೀಪಿದಳು. ರಕ್ತಕ್ಕಿಂತ ಎಣ್ಣೆಯ ರುಚಿಯೇ ಹೆಚ್ಚಾಗಿತ್ತು. ಮನೆಯ ಪಕ್ಕದ ಗೋಡೆಗೆ ತಗಡಿನ ಮಾಡು ಇಳಿಸಿ ಮಾಡಿದ ಶೆಡ್ಡು ಅದು. ಒಂದು ಬದಿ ಅಂಗಳಕ್ಕೆ ತೆರೆದಿದ್ದರೂ ಬೆಳಕು ಅರ್ಧ ದಾರಿಗೇ ನಿಂತುಬಿಡುತ್ತಿತ್ತು. ಆದ್ದರಿಂದ ಅತ್ತೆ ಸ್ಟೂಲಿನ ಮೇಲೆ ಟಾರ್ಚು ಹಿಡಿದು ಕೂತಿದ್ದರು. ಕೂರಬೇಕೆಂದು ಅವಳೇನೂ ಕರೆದಿರಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಸ್ಟೂಲನ್ನು ಕಾಲಿನಿಂದ ದೂಡುತ್ತ ದೂಡುತ್ತ ತಾವೇ ಬಂದಿದ್ದರು.

"ಏನಾಯ್ತೇ?"

"ಏನಿಲ್ಲ ಅತ್ತೆ. ಜಾರಿತು."

"ಅವನಿಗೂ ಅಲ್ಲೇ ಜಾರ್ತಿತ್ತು," ಎಂದರು ಅತ್ತೆ. ಅದು ಸಮಾಧಾನವೋ ದೂರೋ ಗೊತ್ತಾಗದ ಸ್ವರದಲ್ಲಿ.

ಗಾಡಿ ಅವಳ ಗಂಡನದು. ಅವನು ಹುಟ್ಟುವುದಕ್ಕೂ ಮೊದಲು ತಯಾರಾದದ್ದು. ಯಾರದೋ ಗೋದಾಮಿನಲ್ಲಿ ಕೋಳಿಗಳು ಹತ್ತಿ ಮಲಗುತ್ತಿದ್ದ ಆ ತುಕ್ಕಿನ ಗುಡ್ಡೆಯನ್ನು ಅವನು ಮದುವೆಗೆ ಮೊದಲೇ ಹೊತ್ತು ತಂದು, ಒಂದೊಂದೇ ತುಂಡನ್ನು ತಿಕ್ಕಿ ಹೊಳೆಯಿಸಿ ಜೋಡಿಸಿದ್ದ. "ಈ ಮನೆಗೆ ಮೊದಲು ಬಂದವಳು ಅವಳು, ಇವಳು ಎರಡನೆಯವಳು," ಎಂದು ಗೆಳೆಯರೆದುರು ಹೇಳಿ ನಗುತ್ತಿದ್ದ. ಲೋಟಗಳನ್ನು ಹಿಡಿದು ನಿಂತ ಅವಳೂ ನಗುತ್ತಿದ್ದಳು. ನಗದಿದ್ದರೆ ಮುಖ ಊದಿಸಿಕೊಂಡಳು ಎನ್ನುತ್ತಾರೆ. ಅವನು ಹೋಗಿ ವರ್ಷ ದಾಟಿತ್ತು. ಕ್ಷೌರಿಕನ ಕುರ್ಚಿಯಲ್ಲಿ, ಅರ್ಧ ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡವನು ಹಾಗೇ ಕತ್ತು ವಾಲಿಸಿದ್ದ. ನಿದ್ದೆ ಬಂತೇನೋ ಎಂದುಕೊಂಡು ಕ್ಷೌರಿಕ ಕತ್ತನ್ನು ನೆಟ್ಟಗೆ ಮಾಡಿ ಇನ್ನೊಂದು ಗಲ್ಲವನ್ನೂ ಬೋಳಿಸಿದ್ದನಂತೆ. ಮನೆಗೆ ತಂದಾಗ ಮುಖ ಎಷ್ಟು ನುಣುಪಾಗಿತ್ತೆಂದರೆ ನೋಡಲು ಬಂದವರೆಲ್ಲ ಒಳ್ಳೆ ಕಳೆ ಇದೆ, ಒಳ್ಳೆ ಕಳೆ ಇದೆ ಎಂದರು.

ಆಮೇಲೆ ಗಾಡಿಯನ್ನು ಏನು ಮಾಡುವುದೆಂಬ ಮಾತು ಬಂತು. ಗಂಡನ ಗೆಳೆಯರಲ್ಲೊಬ್ಬ, ಎದೆಮಟ್ಟ ಗಡ್ಡ ಬಿಟ್ಟಿದ್ದರಿಂದ ಎಲ್ಲರ ಬಾಯಲ್ಲೂ ಗಡ್ಡ ಎಂದೇ ಆಗಿದ್ದವನು, ತಾನು ಒಯ್ಯುತ್ತೇನೆ, ಮಗುವಿನ ಹಾಗೆ ನೋಡಿಕೊಳ್ಳುತ್ತೇನೆ ಎಂದಿದ್ದ. ಅವಳಿಗೆ ಒಯ್ದರೆ ಸಾಕಾಗಿತ್ತು. ಅತ್ತೆ ಮಾತ್ರ, ಯಾವತ್ತೂ ಯಾವುದಕ್ಕೂ ಹಟ ಹಿಡಿಯದವರು, "ಗಾಡಿ ಇಲ್ಲೇ ಇರ್ಲಿ. ಆಗಾಗ ಸ್ಟಾರ್ಟ್ ಮಾಡ್ತಿರು," ಎಂದುಬಿಟ್ಟರು. ಹೆತ್ತ ಕರುಳು ಎಂದುಕೊಂಡು ಅವಳು ಸುಮ್ಮನಾದಳು. ಅಂದಿನಿಂದ ಎಣ್ಣೆ ಬದಲಿಸುವುದು, ಪ್ಲಗ್ಗು ತಿಕ್ಕುವುದು, ಚೈನಿಗೆ ಗ್ರೀಸು ಬಳಿಯುವುದು ಎಲ್ಲ ಅವಳ ಪಾಲಿಗೆ ಬಿತ್ತು. ಅಷ್ಟು ವರ್ಷ ಪಕ್ಕದಲ್ಲಿ ಕೂತು ಬೆಳಕು ಹಿಡಿದಿದ್ದರಿಂದ ಕೆಲಸ ತಿಳಿದಿತ್ತು. ಕೈಗೆ ತಿಳಿಯದಿದ್ದರೂ ಕಣ್ಣಿಗೆ ತಿಳಿದಿತ್ತು. ಆದರೂ ಎಂಜಿನ್ನಿನ ತಲೆಯ ಮೇಲಿನ ಈ ಮುಚ್ಚಳವನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಒಳಗೆ ಕವಾಟಗಳನ್ನು ಒತ್ತುವ ಟ್ಯಾಪೆಟ್ಟುಗಳ ಸಂದನ್ನು ಅವನು ಕೊನೆಯ ಸಲ ಹೇಗೆ ಇಟ್ಟಿದ್ದನೋ ಹಾಗೇ ಇತ್ತು.

ಇವತ್ತು ಅದನ್ನು ಬಿಚ್ಚಲು ಹೊರಟಿದ್ದಕ್ಕೆ ಕಾರಣ ಗಡ್ಡನೇ. ಕಳೆದ ವಾರ ಗೇಟಿನ ಹೊರಗೆ ನಿಂತು, ಇನ್ನಿಬ್ಬರ ಎದುರು, ಕತ್ತು ಓರೆ ಮಾಡಿ ಎಂಜಿನ್ ಸದ್ದು ಕೇಳಿ, "ಟ್ಯಾಪೆಟ್ ಕುಟ್ತಿದೆಯಲ್ಲಮ್ಮಾ. ಅವನಿದ್ದಾಗ ಹೀಗಿರಲಿಲ್ಲ. ಎಷ್ಟು ಚೆನ್ನಾಗಿ ಇಟ್ಟಿದ್ದ ಪಾಪ!" ಎಂದಿದ್ದ. ಅವಳು ಹೌದು ಎಂಬಂತೆ ತಲೆಯಾಡಿಸಿದ್ದಳು. ತಲೆಯಾಡಿಸಿದ್ದಕ್ಕೆ ವಾರವಿಡೀ ತನ್ನನ್ನೇ ಶಪಿಸಿಕೊಂಡಿದ್ದಳು. ಅಂಗಡಿಯಲ್ಲಿ ಕೆಲಸ ಮಾಡುವಾಗ, ಬಸ್ಸಿನಲ್ಲಿ ನಿಂತಾಗ, ಅನ್ನ ಬಡಿಸುವಾಗ ಹೇಳಬೇಕಾಗಿದ್ದ ಉತ್ತರಗಳು ಒಂದರ ಹಿಂದೊಂದು ಬಾಯಿಗೆ ಬರುತ್ತಿದ್ದವು. ಅವನಿದ್ದಾಗಲೂ ಹೀಗೇ ಇತ್ತು ಕಣಪ್ಪಾ, ಅವನಿದ್ದಾಗಲೇ ಹೀಗಿದ್ದದ್ದು. ಆದರೆ ಉತ್ತರ ಸಿಗುವ ಹೊತ್ತಿಗೆ ಪ್ರಶ್ನೆ ಕೇಳಿದವರು ಮನೆ ಸೇರಿರುತ್ತಾರೆ. ಅವಳ ಬದುಕೇ ಹಾಗೆ. ಬಿಡಿಭಾಗದ ಅಂಗಡಿಗೆ ಎಣ್ಣೆ ಸೋರದ ಹಾಗೆ ಮುಚ್ಚಳದ ಅಡಿಗೆ ಹಾಕುವ ಪ್ಯಾಕಿಂಗ್ ಕೇಳಲು ಹೋದಾಗಲೂ ಅಷ್ಟೆ. "ಏನು ಬೇಕು ಅಂತ ಸರಿಯಾಗಿ ಗೊತ್ತಿರೋರನ್ನ ಕಳಿಸಿ ಅಮ್ಮಾ," ಎಂದು ಅಂಗಡಿಯವನು ಅವಳ ತಲೆಯ ಮೇಲಿಂದ ಹಿಂದಿನ ಗಿರಾಕಿಯನ್ನು ನೋಡಿದ್ದ. ಅವಳು ಪಕ್ಕಕ್ಕೆ ಸರಿದು, ಆ ಗಿರಾಕಿಯ ವ್ಯಾಪಾರ ಮುಗಿಯುವ ತನಕ ಕಾದು, ಮತ್ತೆ ಅದನ್ನೇ ಕೇಳಿ ತಂದಿದ್ದಳು.

ಕೊನೆಗೂ ಮುಚ್ಚಳ ಬಂತು. ಒಳಗೆ ಎಣ್ಣೆಯಲ್ಲಿ ಅದ್ದಿದಂತೆ ಮಿರುಗುವ ಎರಡು ಪುಟ್ಟ ಸನ್ನೆಗೋಲುಗಳು, ಅವುಗಳ ತುದಿಗೆ ಒಂದೊಂದು ತಿರುಪು, ತಿರುಪಿನ ಕೆಳಗೆ ಕೂದಲೆಳೆಯಷ್ಟು ಸಂದು. ಆ ಸಂದು ಹೆಚ್ಚಾದರೆ ಕುಟ್ಟುತ್ತದೆ, ಕಮ್ಮಿಯಾದರೆ ಒಳಗೆ ಸುಡುತ್ತದೆ. ಎಷ್ಟಿರಬೇಕೆಂದು ಅಳೆಯಲು ಉಕ್ಕಿನ ತೆಳು ಎಲೆಗಳ ಒಂದು ಕಟ್ಟು, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಗೇಜು. ಒಂದೊಂದು ಎಲೆಯ ಬುಡದಲ್ಲೂ ಇರುವೆ ಕಣ್ಣಿನಷ್ಟು ಚಿಕ್ಕ ಅಂಕಿ. ಅವಳು ಒರೆಸಿದಳು. ಆರು, ಏಳು, ಎಂಟು. ಈ ಎಂಜಿನ್ನಿಗೆ ಬೇಕಾದದ್ದು ಆರು. ಎಂಟರ ಎಲೆ ಬಳಸಿ ಬಳಸಿ ತುದಿಯಲ್ಲಿ ಬೆಳ್ಳಗಾಗಿತ್ತು. ಆರರದು ವರ್ಷಗಳಿಂದ ಯಾರೂ ಮುಟ್ಟದ ಹಾಗೆ ಮಂಕಾಗಿತ್ತು.

ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ ಗಾಜನ್ನು ಚೌಕಟ್ಟಿನ ಅಳತೆಗೆ ಸಾಣೆ ಹಿಡಿದು ಕೂರಿಸುವುದು ಅವಳ ಕೆಲಸ. ಯಾರ ಕಣ್ಣು ಎಷ್ಟು ಮಂದ ಎಂಬುದು ಅವರ ಮುಖ ನೋಡುವ ಮೊದಲೇ ಅವಳ ಬೆರಳಿಗೆ ತಿಳಿಯುತ್ತಿತ್ತು. ಗಂಡ ಪತ್ರಿಕೆಯನ್ನು ದಿನದಿಂದ ದಿನಕ್ಕೆ ದೂರ ದೂರ ಹಿಡಿಯತೊಡಗಿದಾಗ, ಇನ್ನು ನಿಮ್ಮ ಕೈಯೇ ಸಾಲದು ಎಂದು ತಮಾಷೆ ಮಾಡಿ, ಒಂದು ಸಂಜೆ ಹೇಗೋ ಅಂಗಡಿಗೆ ಕರೆತಂದಿದ್ದಳು. ಅವನು ಕುರ್ಚಿಯಲ್ಲಿ ಕೂತು ಓದುವ ಹಲಗೆಯ ಕೆಳಗಿನ ಸಾಲುಗಳನ್ನು ಕಣ್ಣು ಕಿರಿದಾಗಿಸಿ ನೋಡಿ, "ಅಚ್ಚು ಸರಿಯಿಲ್ಲ. ಮಸಿ ಕಮ್ಮಿ ಹಾಕಿದ್ದಾರೆ," ಎಂದಿದ್ದ. ಮಾಲೀಕ ತುಟಿ ಕಚ್ಚಿಕೊಂಡು ಅವಳ ಕಡೆ ನೋಡಿದ. ಅವಳು ನೆಲ ನೋಡಿದಳು. ಆದರೂ ಅಂದಾಜಿನ ಮೇಲೆ ತಾನೇ ಒಂದು ಕನ್ನಡಕ ಮಾಡಿ ಅವನ ಮೇಜಿನ ಮೇಲಿಟ್ಟಳು. ನಾಲ್ಕು ದಿನ ಅದು ಅಲ್ಲೇ ಇತ್ತು. ಐದನೆಯ ದಿನ, ಗೊತ್ತಾಗದೆ ಅದರ ಮೇಲೆ ಕೂತೆ ಎಂದ. ಮುರಿದ ಕಡ್ಡಿಗಳನ್ನು ಕರವಸ್ತ್ರದಲ್ಲಿ ಕಟ್ಟಿ ಅವಳ ಚೀಲದಲ್ಲಿಟ್ಟಿದ್ದ. ಆ ಗಂಟನ್ನು ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದನೆಂದರೆ ಅವಳಿಗೆ ಸಿಟ್ಟಾಗಬೇಕೋ ಅಯ್ಯೋ ಅನ್ನಬೇಕೋ ತಿಳಿಯಲಿಲ್ಲ. ಮುದುಕನಾಗುತ್ತಿದ್ದೇನೆ ಎಂದು ಹೆದರಿದ ಮಗುವೊಂದು ಕಟ್ಟಿದ ಗಂಟಿನ ಹಾಗಿತ್ತು ಅದು.

ಅದಾದ ಮೇಲೆ ಅವನಿಗೆ ಆರು ಎಂಟಾಗಿ, ಎಂಟು ಆರಾಗಿ ಕಾಣತೊಡಗಿತು. ಮೊದಲ ಸಲ ಅವನು ಎಂಟರ ಎಲೆಯನ್ನು ಹಿಡಿದಾಗ, ಬೆಳಕು ಹಿಡಿದು ಕೂತವಳು, "ರೀ, ಅದು ಎಂಟು. ಆರಲ್ಲ," ಎಂದಿದ್ದಳು. ಗಡ್ಡ ಅಲ್ಲೇ ಗೋಡೆಗೊರಗಿ ನಿಂತಿದ್ದ. ಗಂಡ ತಲೆ ಎತ್ತಲಿಲ್ಲ. "ಬೆಳಕು ಹಿಡಿ ಅಂದೆ, ಪಾಠ ಮಾಡು ಅನ್ನಲಿಲ್ಲ. ಕೈ ನೆಟ್ಟಗಿರ್ಲಿ. ಎಲ್ಲಿ ಹಿಡಿದಿದ್ದೀಯ ಬೆಳಕು? ಕಣ್ಣು ಕಾಣಲ್ವಾ ನಿನಗೆ?" ಗಡ್ಡ ಬೇರೆ ಕಡೆ ನೋಡುತ್ತ ಮೀಸೆಯೊಳಗೇ ನಕ್ಕ. ಮುಂದಿನ ಸಲ ಅವಳು ತುಟಿ ಬಿಚ್ಚಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಅವನು ತಪ್ಪು ಎಲೆಯನ್ನು ಹುಡುಕಿ ತೆಗೆಯುವಾಗ ಅವಳು ಬೆಳಕನ್ನು ಅಲುಗಿಸದೆ, ಅಂಕಿಯ ಮೇಲೇ ನೆಟ್ಟಗೆ ಹಿಡಿಯುತ್ತಿದ್ದಳು. ನೋಡು, ಚೆನ್ನಾಗಿ ನೋಡು ಎಂಬಂತೆ. ಗಾಡಿ ಬೀದಿಯುದ್ದಕ್ಕೂ ಟಕಟಕ ಕುಟ್ಟುತ್ತ ಹೋಗುತ್ತಿತ್ತು. "ಹಳೇ ಎಂಜಿನ್ ಅಂದ್ರೆ ಈ ಸದ್ದು ಇರ್ಲೇಬೇಕು. ಇದು ಅದರ ನಾಡಿ," ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಬಾಗಿಲಲ್ಲಿ ನಿಂತು ಅದನ್ನು ಕೇಳುವಾಗ ಅವಳ ನಾಲಿಗೆಯ ಬುಡದಲ್ಲಿ ಸಣ್ಣದೊಂದು ಸಿಹಿ ಊರುತ್ತಿತ್ತು. ಹೊರಗೆ ತಾಳ್ಮೆಯ ಹೆಂಡತಿ. ಒಳಗೆ ಆ ಸಿಹಿ.

ಈಗ ಅವಳು ಎಲೆಯನ್ನು ಸಂದಿಗೆ ತೂರಿಸಲು ಬಗ್ಗಿದಳು. ಬೆಳಕು ಜಾರಿ ಟ್ಯಾಂಕಿನ ಮೇಲೆ ಹೋಯಿತು. ಅಲ್ಲಿಂದ ಅವಳ ಕಿವಿಯ ಮೇಲೆ, ಅಲ್ಲಿಂದ ಗೋಡೆಯ ಮೇಲೆ. ಅತ್ತೆಯ ಕೈ ಇತ್ತೀಚೆಗೆ ಲೋಟ ಹಿಡಿದರೂ ನಡುಗುತ್ತಿತ್ತು. ಮತ್ತೆ ಬಗ್ಗಿದಳು. ತಿರುಪು ಹಿಡಿದರೆ ನಟ್ಟು ಸುತ್ತುತ್ತದೆ, ನಟ್ಟು ಬಿಗಿದರೆ ಸಂದು ಬದಲಾಗುತ್ತದೆ, ಮೂರನೆಯ ಕೈ ಇದ್ದಿದ್ದರೆ ಎನಿಸುವ ಕೆಲಸ. ಎಲ್ಲ ಕೂಡಿಬಂತು ಎನ್ನುವಷ್ಟರಲ್ಲಿ ಕತ್ತಲಾಯಿತು. ಬೆಳಕು ನೆಲದ ಮೇಲೆ, ಅವಳ ಪಾದದ ಮೇಲೆ ಬಿದ್ದಿತ್ತು.

"ಎಲ್ಲಿ ಹಿಡಿದಿದ್ದೀಯ ಬೆಳಕು? ಕಣ್ಣು ಕಾಣಲ್ವಾ ನಿನಗೆ?"

ಯಾರೋ ಹಾಗೆಂದರು. ತಗಡಿನ ಮಾಡಿಗೆ ಬಡಿದು ಮಾತು ವಾಪಸ್ಸು ಬಂದಾಗ ಅದು ತನ್ನದೇ ಬಾಯಿಂದ ಹೊರಟದ್ದೆಂದು ಅವಳಿಗೆ ತಿಳಿಯಿತು. ಅವನದೇ ಪದಗಳು, ಅವನದೇ ಏರು. ಕೊನೆಯ ಪದವನ್ನು ಅವನು ಚಾಟಿಯ ತುದಿಯ ಹಾಗೆ ಎಳೆಯುತ್ತಿದ್ದ ಆ ರೀತಿ ಕೂಡ. ಅತ್ತೆಗೆ, ಇಷ್ಟು ವರ್ಷ ತಾನು ನೀವು ಎಂದೇ ಮಾತಾಡಿಸಿದ ಅತ್ತೆಗೆ, ನೀನು ಎಂದಿದ್ದಳು. ತಿರುಗಿ ನೋಡಲು ಧೈರ್ಯವಾಗದೆ ಕೈಯಲ್ಲಿದ್ದ ನಟ್ಟನ್ನೇ ನೋಡುತ್ತ ಕೂತಳು.

ಟಾರ್ಚು ಟಕ್ ಎಂದು ಆರಿತು. ಅತ್ತೆ ಗೋಡೆ ಹಿಡಿದು ಮೆಲ್ಲಗೆ ಎದ್ದರು.

"ನನ್ನ ಹತ್ರ ಈ ಸ್ವರ ತೆಗೀಬೇಡ," ಎಂದರು. ಕೂಗಲಿಲ್ಲ. "ಕೂಗಿದ್ದನ್ನೆಲ್ಲ ನುಂಗ್ಕೊಂಡು ಕೂರೋಕೆ ನಾನೇನು ನೀನಾ?"

ಟಾರ್ಚನ್ನು ಸ್ಟೂಲಿನ ಮೇಲಿಟ್ಟು, ಚಪ್ಪಲಿ ಎಳೆಯುತ್ತ ಅಡುಗೆಮನೆಗೆ ಹೋದರು. ಬಾಗಿಲು ಹಾಕಿದ ಸದ್ದು ಕೇಳಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು.

ಶೆಡ್ಡಿನ ಒಳಗೋಡೆಯಲ್ಲಿ ಅಡುಗೆಮನೆಯ ಕಿಟಕಿ ಇತ್ತು. ಇದ್ದೇ ಇತ್ತು, ಮನೆ ಕಟ್ಟಿದಂದಿನಿಂದ. ಅವಳು ಆ ಕಿಟಕಿಯನ್ನು ಇವತ್ತೇ ಮೊದಲು ಕಂಡವಳ ಹಾಗೆ ನೋಡಿದಳು. ಅತ್ತೆಗೆ ಕಿವಿ ಮಂದ, ರೇಡಿಯೋ ಹಾಕಿಕೊಂಡಿರುತ್ತಾರೆ, ತರಕಾರಿ ಹೆಚ್ಚುತ್ತ ತಮ್ಮ ಲೋಕದಲ್ಲಿರುತ್ತಾರೆ ಎಂದೆಲ್ಲ ನಂಬಿಕೊಂಡು ಬಂದಿದ್ದಳು. ಬೈಸಿಕೊಂಡು ಒಳಗೆ ಹೋದಾಗಲೆಲ್ಲ ಅತ್ತೆ ತಟ್ಟೆ ಇಡುತ್ತಲೋ ಅಕ್ಕಿ ಆರಿಸುತ್ತಲೋ ಇರುತ್ತಿದ್ದರು. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಅದಕ್ಕೇ ಅವಳೂ ಏನೂ ಆಗದವಳ ಹಾಗೆ, ಅತ್ತೆ, ಉಪ್ಪು ಹಾಕಿದ್ರಾ ಎಂದು ಕೇಳುತ್ತಿದ್ದಳು. ಈಗ ಅವಳನ್ನು ಚುಚ್ಚಿದ್ದು ಅತ್ತೆ ಬೈದದ್ದಲ್ಲ. ಇಷ್ಟು ವರ್ಷ ತಾನು ಸಹಿಸಿಕೊಂಡಿದ್ದೇನೆ ಎಂದುಕೊಂಡದ್ದು ಕಿಟಕಿಯ ಆಚೆಯಿಂದ ನುಂಗಿಕೊಂಡ ಹಾಗೆ ಕಂಡಿತ್ತಲ್ಲ, ಅದು. ಸಹಿಸುವುದರಲ್ಲಿ ಸ್ವಲ್ಪವಾದರೂ ಮರ್ಯಾದೆಯಿದೆ. ನುಂಗುವುದರಲ್ಲಿ ಏನಿದೆ? ನಾಯಿಗೆ ಎಸೆದದ್ದನ್ನು ನಾಯಿ ನುಂಗುತ್ತದೆ. ಮತ್ತೆ, ಕೇಳಿಸಿಕೊಂಡವರು ಒಂದು ದಿನವಾದರೂ ಕಿಟಕಿಗೆ ಬಂದು, ಬಾಯಿ ಮುಚ್ಚೋ ಎಂದು ಮಗನಿಗೆ ಹೇಳಬಹುದಿತ್ತು. ಈ ಯೋಚನೆ ಬಂದು ಸಿಟ್ಟು ಬಂತು. ಸಿಟ್ಟು ಬಂದದ್ದೇ, ಅದನ್ನು ಹೊತ್ತು ತಿರುಗುವಷ್ಟು ತ್ರಾಣ ತನ್ನಲ್ಲಿಲ್ಲವೆಂದು ಗೊತ್ತಾಯಿತು.

ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡಳು. ತುಟಿಯ ಕೊನೆಯಿಂದ ಜೊಲ್ಲು ಇಳಿದು ಗಲ್ಲಕ್ಕೆ, ಗಲ್ಲದಿಂದ ಅಂಗಿಗೆ. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಆದರೆ ಬೆಳಕು ಈಗ ಅವಳು ನೋಡಿದಲ್ಲೇ ಬೀಳುತ್ತಿತ್ತು. ಆರರ ಎಲೆಯನ್ನು ಸಂದಿಗೆ ಇಳಿಸಿದಳು. ಸಡಿಲ. ತಿರುಪನ್ನು ಒಂದಿಷ್ಟು, ಇನ್ನೊಂದಿಷ್ಟು ಒಳಕ್ಕೆ. ಎಲೆಯನ್ನು ಎಳೆದರೆ ಬರಬೇಕು, ಆದರೆ ಬರಲು ಮನಸ್ಸಿಲ್ಲದ ಹಾಗೆ ಬರಬೇಕು. ನಟ್ಟು ಬಿಗಿದಾಗ ಕೆಟ್ಟಿತು. ಮತ್ತೆ ಬಿಚ್ಚಿದಳು. ಮತ್ತೆ ಬಿಗಿದಳು. ಗಾಜನ್ನು ಚೌಕಟ್ಟಿಗೆ ಕೂರಿಸುವಾಗ ಹೀಗೇ ಬೆರಳ ತುದಿಯಲ್ಲಿ ಒಂದು ಗಳಿಗೆ ಬರುತ್ತದೆ. ಇನ್ನು ಒತ್ತಿದರೆ ಒಡೆಯುತ್ತದೆ, ಬಿಟ್ಟರೆ ಬೀಳುತ್ತದೆ. ಆ ಗಳಿಗೆಯಲ್ಲಿ ಅವಳು ಯಾವಾಗಲೂ ಉಸಿರು ಹಿಡಿಯುತ್ತಿದ್ದಳು.

ಆ ಬೆಳಿಗ್ಗೆಯೂ ಉಸಿರು ಹಿಡಿದಿದ್ದಳು. ಅವನು ಕ್ಷೌರಕ್ಕೆ ಹೊರಟು ಬಾಗಿಲ ಬೆಳಕಿನಲ್ಲಿ ನಿಂತಿದ್ದ. ಮುಖ ಬೂದಿ ಬಳಿದ ಹಾಗಿತ್ತು. ಹಣೆಯ ಮೇಲೆ, ಚಳಿಯಲ್ಲಿ, ಬೆವರಿನ ಸಣ್ಣ ಹನಿಗಳು. ಎಡಗೈಯನ್ನು ಒಂದೆರಡು ಸಲ ಕೊಡವಿದ, ಮಲಗಿದಾಗ ಮರಗಟ್ಟಿದ್ದನ್ನು ಕೊಡವುವವರ ಹಾಗೆ. ಅವಳು ಕಂಡಿದ್ದಳು. ಕಾಣುವುದು ಅವಳ ಕಸುಬು. ಮೈ ಹುಷಾರಿಲ್ವಾ ಎಂಬ ಮಾತು ಹಲ್ಲಿನ ಹಿಂದಕ್ಕೆ ಬಂದು ನಿಂತಿತ್ತು. ಆದರೆ ತಾನು ಕಂಡದ್ದನ್ನು ಅವನಿಗೆ ಹೇಳಬಾರದೆಂಬುದು ಅಷ್ಟು ಹೊತ್ತಿಗೆ ಅವಳ ಮೈಗೆ ಎಷ್ಟು ಒಗ್ಗಿತ್ತೆಂದರೆ, ಅದು ಸಿಟ್ಟಾಗಿಯೂ ಉಳಿದಿರಲಿಲ್ಲ, ಸೇಡಾಗಿಯೂ ಉಳಿದಿರಲಿಲ್ಲ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುವಷ್ಟೇ ಸಹಜವಾಗಿತ್ತು. ಅವನು ಕಿಕ್ ಹೊಡೆದ. ಎರಡನೆಯ ಸಲಕ್ಕೆ ಹತ್ತಿತು. ಟಕಟಕ ಕುಟ್ಟುತ್ತ ತಿರುವಿನಲ್ಲಿ ಮರೆಯಾಯಿತು. ಅವಳು ಬಕೆಟ್ಟಿನಲ್ಲಿ ನೆನೆಸಿದ ಬಟ್ಟೆಯ ಕಡೆ ಹೋದಳು. ಆಮೇಲೆ ಬಂದವರೆಲ್ಲ ಕೇಳಿದರು, ಮೊದಲೇ ಏನಾದ್ರೂ ಗೊತ್ತಾಗಿತ್ತಾ, ಏನಾದ್ರೂ ಹೇಳಿದ್ರಾ? ಇಲ್ಲ ಎಂದಳು. ಅದು ಸುಳ್ಳಲ್ಲ. ಅವನು ಏನೂ ಹೇಳಿರಲಿಲ್ಲ.

ಎರಡನೆಯ ಟ್ಯಾಪೆಟ್ಟು ಬೇಗ ಮುಗಿಯಿತು. ಮುಚ್ಚಳ ಕೂರಿಸಿದಳು. ಪ್ಲಗ್ಗಿನ ಕರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಕಿಡಿ ಹಾರಿಸುವ ಪಾಯಿಂಟುಗಳ ನಡುವೆ ಉಪ್ಪುಕಾಗದದ ಚೂರನ್ನು ಎಳೆದು ತೆಗೆದಳು. ನಿನ್ನೆ ಸಂಜೆ ಎಂಜಿನ್ ಬಿಸಿಯಿದ್ದಾಗಲೇ ಹಳೆ ಎಣ್ಣೆ ಇಳಿಸಿ ಬೋಗುಣಿ ಇಟ್ಟು ತೊಟ್ಟಿಕ್ಕಲು ಬಿಟ್ಟಿದ್ದಳು. ಈಗ ಕೆಳಗಿನ ಬೋಲ್ಟು ಬಿಗಿದು ಹೊಸ ಎಣ್ಣೆ ಸುರಿದಳು. ಜೇನಿನ ಬಣ್ಣದ ಧಾರೆ ಸದ್ದಿಲ್ಲದೆ ಒಳಗಿಳಿಯಿತು. ಒಂದು ಸಲ, ಒಂದೇ ಸಲ, ಅವನು ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ನೀನೇ ಹಾಕು, ನಿನ್ನ ಕೈ ನಡುಗಲ್ಲ ಎಂದಿದ್ದ. ಮದುವೆಯಾದ ಹೊಸತು. ಅವಳು ಸುರಿಯುತ್ತಿದ್ದಷ್ಟು ಹೊತ್ತು ಅವಳ ಮಣಿಕಟ್ಟನ್ನು ಹಿಡಿದಿದ್ದ, ಹಿಡಿಯುವ ಅಗತ್ಯವಿರಲಿಲ್ಲ. ಈ ನೆನಪು ಯಾಕೆ ಬಂತೆಂದು ಅವಳಿಗೆ ಬೇಸರವಾಯಿತು. ಒಬ್ಬ ಮನುಷ್ಯನನ್ನು ಪೂರ್ತಿ ದ್ವೇಷಿಸಲು ಬಿಟ್ಟಿದ್ದರೆ ಎಷ್ಟು ಹಗುರವಾಗಿರುತ್ತಿತ್ತು.

ಗಾಡಿಯನ್ನು ಅಂಗಳಕ್ಕೆ ದೂಡಿದಳು. ಪೆಟ್ರೋಲ್ ಬಿಟ್ಟಳು. ಕಿಕ್ಕನ್ನು ಮೆಲ್ಲಗೆ ಒತ್ತಿ, ಎದುರಿನಿಂದ ಯಾರೋ ತಡೆದ ಹಾಗೆ ಗಟ್ಟಿಯಾಗುವ ಜಾಗ ಹುಡುಕಿ, ಅದನ್ನು ದಾಟಿಸಿ, ಮೈಭಾರವನ್ನೆಲ್ಲ ಹಾಕಿ ತುಳಿದಳು. ಬುಸ್ ಎಂದು ಸುಮ್ಮನಾಯಿತು. ಮತ್ತೆ ತುಳಿದಳು. ಕಿಕ್ಕು ತಿರುಗಿ ಬಡಿದು ಮೊಣಕಾಲ ಕೆಳಗಿನ ಮೂಳೆಯವರೆಗೆ ಜುಮ್ಮೆಂದಿತು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ಇನ್ನೂ ಎರಡು ಸಲ. ಅಂಗಿ ಬೆನ್ನಿಗೆ ಅಂಟಿತು. ಇದು ಹತ್ತದಿದ್ದರೆ ಗಡ್ಡನಿಗೆ ಫೋನ್ ಮಾಡಬೇಕು, ಅವನು ಬಂದು ನಗಬೇಕು ಎಂದು ನೆನೆದು, ಅದಕ್ಕೂ ಸೈ, ಬಂದು ಒಯ್ಯಲಿ ಎಂದುಕೊಂಡು ಕೊನೆಯ ಸಲವೆಂಬಂತೆ ತುಳಿದಾಗ ಎಂಜಿನ್ ಹತ್ತಿಕೊಂಡಿತು.

ಮೊದಲು ಅವಳಿಗೇ ನಂಬಿಕೆ ಬರಲಿಲ್ಲ. ಗಾಡಿ ಓಡುತ್ತಿತ್ತು, ಆದರೆ ಕುಟ್ಟುತ್ತಿರಲಿಲ್ಲ. ಹೊಗೆಕೊಳವೆಯಿಂದ ದಪ್ಪನೆಯ, ನಿಧಾನವಾದ ಒಂದು ಸದ್ದು ಮಾತ್ರ ಬರುತ್ತಿತ್ತು. ಅದರ ಮೇಲೆ ಸದಾ ಕೂತಿರುತ್ತಿದ್ದ ಆ ಟಕಟಕ ಇರಲಿಲ್ಲ. ಸರಿಯಾಗಿ ಇಟ್ಟರೆ ಹೀಗಿರುತ್ತಿತ್ತು ಇದು. ಇಷ್ಟು ವರ್ಷ ಹೀಗೇ ಇರಬಹುದಿತ್ತು. ಹಿಗ್ಗಬೇಕೆಂದು ಕಾದಳು. ಹಿಗ್ಗು ಬರಲಿಲ್ಲ. ಕಾಲು ಮಾತ್ರ ನೋಯುತ್ತಿತ್ತು.

"ಯಾರದು?"

ಅತ್ತೆ ಅಡುಗೆಮನೆಯ ಬಾಗಿಲಲ್ಲಿದ್ದರು. ಒಂದು ಕೈ ಚೌಕಟ್ಟಿನ ಮೇಲೆ. ಮುಖದಲ್ಲಿ ಅವಳು ಯಾವತ್ತೂ ಕಾಣದ ಗಾಬರಿ.

"ನಾನೇ ಅತ್ತೆ."

"ಯಾರ ಗಾಡಿ ಬಂತು?"

"ಯಾರ್ದೂ ಬಂದಿಲ್ಲ. ನಮ್ಮದೇ ಇದು."

ಅತ್ತೆ ಹತ್ತಿರ ಬಂದು, ಕೈಯನ್ನು ಟ್ಯಾಂಕಿನ ಮೇಲಿಟ್ಟು, ತಲೆ ಬಗ್ಗಿಸಿ ಕೇಳಿದರು. "ಇದು ಅವನ ಗಾಡಿ ಸದ್ದಲ್ಲ. ಏನು ಮಾಡಿದೆ ನೀನು? ಮೊದಲಿನ ಹಾಗೇ ಮಾಡು."

ಅವಳು ಎಂಜಿನ್ ಆರಿಸಿದಳು. ಅಂಗಳ ಒಮ್ಮೆಲೇ ದೊಡ್ಡದಾಯಿತು. ಅಳು ಬರುವಷ್ಟು ದಣಿದಿದ್ದಳು. ಮಗನ ಸದ್ದನ್ನು ತೆಗೆದುಬಿಟ್ಟೆನಲ್ಲ, ಇಷ್ಟು ಉಳಿದಿತ್ತು ಆ ತಾಯಿಗೆ, ಅದನ್ನೂ ಉಪ್ಪುಕಾಗದ ಹಾಕಿ ತಿಕ್ಕಿಬಿಟ್ಟೆನಲ್ಲ. "ಮಾಡ್ತೀನಿ ಅತ್ತೆ," ಎಂದಳು. "ಈಗ ಬಿಸಿ ಇದೆ, ತಣ್ಣಗಾಗ್ಲಿ. ಆಮೇಲೆ ಸ್ವಲ್ಪ ಸಡಿಲ ಬಿಟ್ರೆ ಆಯ್ತು. ಅವರು ಇಟ್ಟಿದ್ದ ಹಾಗೇ ಇಡ್ತೀನಿ. ನನಗೆ ಗೊತ್ತು ಅವರು ಎಷ್ಟು ಇಡ್ತಿದ್ರು ಅಂತ."

ಅತ್ತೆ ಮೆಟ್ಟಿಲ ಮೇಲೆ ಕೂತರು. ಅವಳೂ ಒಂದು ಮೆಟ್ಟಿಲು ಕೆಳಗೆ, ಅತ್ತೆಯ ಮೊಣಕಾಲಿನ ಹತ್ತಿರ ಕೂತಳು. ಬಿಸಿ ಲೋಹ ಆರುತ್ತ ಚಿಟ್ ಚಿಟ್ ಎನ್ನುತ್ತಿತ್ತು.

"ಅತ್ತೆ, ಆಗ ಹಾಗೆ ಕೂಗಬಾರದಿತ್ತು ನಾನು."

"ಹೂಂ," ಎಂದರು ಅತ್ತೆ. ಆಮೇಲೆ ಗಾಡಿಯ ಕಡೆ ನೋಡುತ್ತ, "ಆ ಟಕಟಕ ತಿರುವಿನಲ್ಲಿ ಕೇಳಿದ ಕೂಡ್ಲೇ ನಾನು ರೇಡಿಯೋ ಆರಿಸ್ತಿದ್ದೆ. ನೋಡಿದ್ದೀಯಾ ನೀನು?"

ಅವಳು ನೋಡಿದ್ದಳು. ಮಗ ಬರುತ್ತಾನೆ, ಊಟಕ್ಕಿಡಬೇಕು ಎಂದು ಏಳುತ್ತಾರೆ ಎಂದುಕೊಂಡಿದ್ದಳು.

"ರೇಡಿಯೋ ಆರಿಸಿ, ಕಾಲು ಚಾಚಿದ್ರೆ ಮಡಚ್ಕೊಂಡು, ಎದ್ದು ಒಳಗೆ ಹೋಗಿಬಿಡ್ತಿದ್ದೆ. ಹೊರಗೆ ಕೂತಿದ್ರೆ ಏನಾದ್ರೂ ಒಂದು ತಪ್ಪು ಹುಡುಕ್ತಿದ್ದ. ನೀನು ಬಾಗಿಲಿಗೆ ಹೋಗಿ ನಿಂತ್ಕೊಳ್ತಿದ್ದೆ. ಅಷ್ಟು ಮಾಡ್ಕೊಳ್ಳೋಕೆ ಟೈಮ್ ಸಿಗ್ತಿತ್ತು, ಆ ಸದ್ದಿನಿಂದ." ಅತ್ತೆ ಮೊಣಕಾಲು ಸವರಿಕೊಂಡರು. "ಈಗ ಇಷ್ಟು ಮೆತ್ತಗೆ ಬಂದ್ರೆ ನಮಗೆ ಗೊತ್ತಾಗೋದು ಹೇಗೆ?"

ನಮಗೆ ಎಂದದ್ದು ಅವಳ ಕಿವಿಯಲ್ಲಿ ಉಳಿಯಿತು. ಈ ಮನೆಗೆ ಬಂದಂದಿನಿಂದ ನೀನು, ನಾನು, ಅವನು ಎಂಬುದನ್ನು ಕೇಳಿದ್ದಳು. ನಾವು ಎಂದರೆ ಅವರಿಬ್ಬರು, ತಾಯಿ ಮಗ ಎಂದೇ ತಿಳಿದಿದ್ದಳು.

"ಹಾಗಾದ್ರೆ ಗಾಡಿ ಯಾಕೆ ಇರ್ಲಿ ಅಂದ್ರಿ?"

"ಅದು ಇಲ್ಲಿದ್ದು, ಆಗಾಗ ಸದ್ದು ಮಾಡ್ತಿದ್ರೆ ಇಲ್ಲೇ ಇದೆ ಅಂತ ಗೊತ್ತಿರುತ್ತೆ. ಬೇರೆಯವರ ಕೈಗೆ ಕೊಟ್ಟು, ಅವರು ಈ ಬೀದಿಲಿ ಬಂದ್ರೆ? ನಡುಮಧ್ಯಾಹ್ನ ಟಕಟಕ ಅಂತ ಬಂದ್ರೆ? ನನ್ನ ಎದೆ ನಿಂತೋಗುತ್ತೆ." ಅತ್ತೆ ತಮ್ಮ ಮಾತಿಗೆ ತಾವೇ ಸ್ವಲ್ಪ ನಕ್ಕರು. ನಗು ನಗುವಾಗುವ ಮೊದಲೇ ಕೆಟ್ಟಿತು. "ಹೆತ್ತವಳು ಹೀಗೆ ಹೇಳಬಾರದು."

ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎನಿಸಿತು ಅವಳಿಗೆ. ಎಣ್ಣೆ ಕೈಗಳನ್ನು ಮಡಿಲಲ್ಲಿ ಮಗುಚಿ ಹಾಕಿಕೊಂಡು, "ಅತ್ತೆ, ಆವತ್ತು ಬೆಳಿಗ್ಗೆ ಅವರ ಮುಖ..." ಎಂದಳು.

"ಗೊತ್ತು."

"ಇಲ್ಲ ಅತ್ತೆ, ನಾನು ನೋಡಿ ಕೂಡ..."

"ಗೊತ್ತು ಅಂದ್ನಲ್ಲ. ಕಾಫಿ ಲೋಟ ಕೊಟ್ಟೋಳು ಯಾರು? ನಾನು. ಲೋಟ ತಗೊಳ್ಳೋವಾಗ ಅವನ ಕೈ ತಾಗ್ತು. ಮಂಜಿನ ಹಾಗಿತ್ತು. ನನಗೇನು ಕಣ್ಣಿರಲಿಲ್ವಾ?" ಅತ್ತೆ ಗೇಟಿನ ಕಡೆ ನೋಡುತ್ತಿದ್ದರು. "ಹೋಗ್ಲಿ ಬಿಡು ಅನ್ನಲ್ಲ ನಾನು. ಅದು ಹೋಗೋದಲ್ಲ."

ಎದುರು ಮಹಡಿಯವಳು ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಅತ್ತೆಗೂ ಗೊತ್ತಿತ್ತೆಂದು ತಿಳಿದರೂ ಸೊಸೆಗೆ ಹಗುರವಾಗಲಿಲ್ಲ. ಹೊರೆ ಹೊತ್ತವನ ಪಕ್ಕದಲ್ಲಿ ಇನ್ನೊಬ್ಬ ಹೊರೆ ಹೊತ್ತವನು ಬಂದು ನಿಂತರೆ ಹೊರೆ ಇಳಿಯುವುದಿಲ್ಲ. ಆದರೂ ಅವಳು ತಲೆಯನ್ನು ಸ್ವಲ್ಪ ಹಿಂದಕ್ಕೆ, ಅತ್ತೆಯ ಮೊಣಕಾಲಿನ ಕಡೆಗೆ ವಾಲಿಸಿದಳು.

"ಅವರು ಬರಲ್ಲ ಅತ್ತೆ," ಎಂದಳು. ಮಗುವಿಗೆ ಹೇಳುವ ಹಾಗೆ ಆಗಬಾರದೆಂದು ಎಚ್ಚರವಹಿಸಿ.

"ಬರಲ್ಲ ಅಂತ ನನಗೆ ಗೊತ್ತಿಲ್ವಾ? ನನಗೆ ಗೊತ್ತು. ಕಿವಿಗೆ ಗೊತ್ತಾಗ್ಬೇಕಲ್ಲ."

ಎಂಜಿನ್ನಿನ ಚಿಟ್ ಚಿಟ್ ನಿಂತಿತ್ತು. ಎದ್ದು ಮುಟ್ಟಿ ನೋಡಿದರೆ ಇನ್ನೂ ಬೆಚ್ಚಗಿತ್ತು. ಮುಚ್ಚಳ ಬಿಚ್ಚಲು ಇನ್ನೂ ಕಾಯಬೇಕು. ಅಷ್ಟರಲ್ಲಿ ಸ್ಪ್ಯಾನರ್ ತಂದಿಟ್ಟುಕೊಳ್ಳೋಣವೆಂದು ಶೆಡ್ಡಿನ ಕಡೆ ಎರಡು ಹೆಜ್ಜೆ ಹಾಕಿದವಳನ್ನು ಅತ್ತೆ ಕರೆದರು.

"ಬಿಚ್ಬೇಡ. ಹಾಗೇ ಇರ್ಲಿ."

"ಮೊದಲಿನ ಹಾಗೆ ಮಾಡು ಅಂದ್ರಲ್ಲ?"

"ಅಂದೆ. ಈಗ ಬೇಡ ಅಂತಿದ್ದೀನಿ. ಇನ್ನೊಂದ್ಸಲ ಸ್ಟಾರ್ಟ್ ಮಾಡು, ಕೇಳೋಣ."

ಮೊಣಕಾಲ ಕೆಳಗೆ ಊದಿಕೊಳ್ಳುತ್ತಿತ್ತು. ನಾಳೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಬೇಕು. ಬೇಡ ಅತ್ತೆ, ಸುಸ್ತಾಗಿದೆ ಎನ್ನಬಹುದಿತ್ತು. ಅನ್ನಲೂ ಸುಸ್ತಾಗಿತ್ತು. ಕಿಕ್ಕಿನ ಮೇಲೆ ಪಾದವಿಟ್ಟು ಆ ಗಟ್ಟಿ ಜಾಗವನ್ನು ಹುಡುಕಿದಳು. ಬಿಸಿ ಎಂಜಿನ್ನು ಈ ಸಲ ಸತಾಯಿಸಲಿಲ್ಲ. ದಪ್ಪನೆಯ ಆ ಸದ್ದು ಅಂಗಳ ತುಂಬಿ, ಗೇಟು ದಾಟಿ ಬೀದಿಗೆ ಹೋಯಿತು. ಅತ್ತೆಯ ಬೆನ್ನು ಒಮ್ಮೆ ನೆಟ್ಟಗಾಯಿತು. ಚಾಚಿದ್ದ ಕಾಲುಗಳು ತಾವಾಗಿಯೇ ಮಡಚಿಕೊಂಡವು, ಕೈ ಏಳಲೆಂದು ಗೋಡೆಗೆ ಹೋಯಿತು. ಅವಳು ಹ್ಯಾಂಡಲ್ ಹಿಡಿದು ನಿಂತಲ್ಲಿಂದಲೇ ನೋಡುತ್ತಿದ್ದಳು. ಅತ್ತೆಯ ಕೈ ಗೋಡೆಯ ಮೇಲೆ ಹಾಗೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಇಳಿಯಿತು. ಒಂದು ಕಾಲನ್ನು, ನೋವಿರುವ ಎಡಗಾಲನ್ನು, ಎರಡೂ ಕೈಯಿಂದ ಹಿಡಿದು ಮೆಟ್ಟಿಲ ಕೆಳಕ್ಕೆ ಚಾಚಿದರು. ಅದರ ಪಕ್ಕಕ್ಕೆ ಇನ್ನೊಂದನ್ನು ಚಾಚಿದರು.

"ಇನ್ನು ಸ್ವಲ್ಪ ಹೊತ್ತು ಓಡ್ಲಿ," ಎಂದರು.